ಟವೆಲ್ ಅಪ್ಪನ ಕೈಯಲ್ಲೇ ಯಾಕಿರಬೇಕು? ಬಾಕ್ಸಿಂಗ್ ಸಂಸ್ಥೆಗಳಿಗೆ ಒಂದು ಬಹಿರಂಗ ಪತ್ರ

ಬಾಕ್ಸಿಂಗ್ ಕೋಚ್‌ಗಳಿಗೂ ಕಾರ್ನರ್ ಸಹಾಯಕರಿಗೂ ಲೈಸೆನ್ಸ್ ಕೊಡುವ ಎಲ್ಲ ಸಂಸ್ಥೆಗಳ ಮಾನ್ಯ ಪದಾಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ದೊಡ್ಡ ಬಾಕ್ಸರ್ ಆಗಿದ್ದವನಲ್ಲ. ಹೆಸರು ಮಾಡಿದ ಕೋಚ್ ಕೂಡ ಅಲ್ಲ. ಹದಿನಾಲ್ಕು ವರ್ಷಗಳಿಂದ ಕಾರ್ನರ್‌ನಲ್ಲಿ, ಅಂದರೆ ರೌಂಡ್‌ಗಳ ನಡುವೆ ಬಾಕ್ಸರ್ ಬಂದು ಕೂರುವ ರಿಂಗಿನ ಮೂಲೆಯಲ್ಲಿ, ಬಕೆಟ್ ಹಿಡಿಯುತ್ತಿದ್ದೇನೆ. ಬೆಲ್ ಹೊಡೆದ ಕೂಡಲೇ ಸ್ಟೂಲ್ ಇಡೋದು, ಮೌತ್‌ಗಾರ್ಡ್ ತೊಳೆಯೋದು, ಊದಿದ ಕಣ್ಣಿನ ಮೇಲೆ ಐಸ್ ಒತ್ತೋದು, ಮತ್ತೆ ಬೆಲ್ ಹೊಡೆಯುವಷ್ಟರಲ್ಲಿ ಸ್ಟೂಲ್ ಎಳೆದುಕೊಂಡು ಇಳಿಯೋದು. ಇಷ್ಟೇ ನನ್ನ ಕೆಲಸ. ಹೆಗಲ ಮೇಲೆ ಒಂದು ಟವೆಲ್ ಇರುತ್ತದೆ. ಕಾರ್ನರ್‌ನಿಂದ ಅದನ್ನು ರಿಂಗಿಗೆ ಎಸೆದರೆ, ನಮ್ಮವನಿಗೆ ಸಾಕು, ಪಂದ್ಯ ನಿಲ್ಲಿಸಿ ಅಂತ ಅರ್ಥ. ಟಿವಿಯಲ್ಲಿ ನೋಡುವವರಿಗೆ ನಮ್ಮ ಬೆನ್ನು ಮಾತ್ರ ಕಾಣುತ್ತದೆ. ಬಾಕ್ಸರ್‌ನ ಮುಖವನ್ನು ಒಂದು ಗೇಣು ದೂರದಿಂದ ನೋಡುವವರು ನಾವು.

ಕಳೆದ ವರ್ಷ ಒಂದು ಸಂಸ್ಥೆಗೆ ದೂರು ಬರೆದಿದ್ದೆ. ಯಾವುದು ಅಂತ ಹೇಳುವುದಿಲ್ಲ. ಒಂದು ಕಚೇರಿಯ ಮಾನ ಕಳೆಯೋದು ನನ್ನ ಉದ್ದೇಶವಲ್ಲ. ಮೂರು ತಿಂಗಳ ನಂತರ ಒಂದೇ ಸಾಲಿನ ಉತ್ತರ ಬಂತು: "ಹುಡುಗನ ಕಾರ್ನರ್‌ನಲ್ಲಿ ಸ್ವತಃ ತಂದೆಯೇ ಇದ್ದರು, ಅವರಿಗಿಂತ ಹೆಚ್ಚಿನ ಕಾಳಜಿ ಬೇರೆ ಯಾರಿಗೆ ಇರಲು ಸಾಧ್ಯ?" ಪ್ರಶ್ನೆ ಕೇಳಿದ ಹಾಗೆ ಮಾಡಿ ಬಾಗಿಲು ಹಾಕಿಕೊಂಡರು. ನಾನು ಮಾತ್ರ ಅದನ್ನು ಪ್ರಶ್ನೆ ಅಂತಲೇ ತೆಗೆದುಕೊಂಡು ಈಗ ಉತ್ತರ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ.

ಹುಡುಗನಿಗೆ ಹದಿನೇಳು ವರ್ಷ. ಮೂರು ರೌಂಡಿನ ಪಂದ್ಯ. ರೌಂಡಿಗೆ 3 ನಿಮಿಷ, ನಡುವೆ 1 ನಿಮಿಷ ವಿರಾಮ. ಕೋಚ್ ಅವನ ಅಪ್ಪ. ಜಿಮ್‌ನಲ್ಲಿ ಮಗ ಅವರನ್ನು 'ಸರ್' ಅಂತಲೇ ಕರೆಯಬೇಕು. ಅದು ಅಪ್ಪನೇ ಮಾಡಿದ ನಿಯಮ. "ಮನೆ ಹೊಸಿಲು ದಾಟಿದರೆ ನಾನು ಅಪ್ಪ ಅಲ್ಲ" ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ನನಗೂ ಅದು ಹಿಡಿಸಿತ್ತು. ಮಗ ಅಂತ ಸಲಿಗೆ ಕೊಡದ ಮನುಷ್ಯ, ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆ.

ಮೊದಲ ರೌಂಡ್ ಚೆನ್ನಾಗಿ ಆಡಿದ. ಎರಡನೆಯದರ ಕೊನೆಗೆ ಒಂದು ಹುಕ್, ಪಕ್ಕದಿಂದ ಬೀಸುವ ಗುದ್ದು, ಕಿವಿಯ ಹಿಂದೆ ಬಿತ್ತು. ಕುಸಿಯಲಿಲ್ಲ. ಆದರೆ ಬೆಲ್ ಆದ ಮೇಲೆ ಎದುರಾಳಿಯ ಮೂಲೆಯ ಕಡೆ ಎರಡು ಹೆಜ್ಜೆ ಹಾಕಿದ, ನಿಂತ, ಆಮೇಲೆ ನಮ್ಮ ಕಡೆ ತಿರುಗಿದ. ಸ್ಟೂಲ್ ಮೇಲೆ ಕೂತ. ಮೌತ್‌ಗಾರ್ಡ್ ತೆಗೆದೆ. "ಇದು ಎಷ್ಟನೇ ರೌಂಡು?" ಅಂದ. ಎರಡು ಮುಗೀತು ಅಂದೆ. ಐದಾರು ಸೆಕೆಂಡ್ ಆಗಿರಬೇಕು. ಮತ್ತೆ ಕೇಳಿದ: "ಇದು ಎಷ್ಟನೇ ರೌಂಡು?"

ಅಪ್ಪ ಅವನ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಜ್ಯಾಬ್ ಹಾಕು, ಬಲಗೈ ಇಳಿಸಬೇಡ, ಅವನೂ ಸುಸ್ತಾಗಿದ್ದಾನೆ, ಇನ್ನು ಮೂರೇ ನಿಮಿಷ. ಹುಡುಗ ಅವರ ತುಟಿಗಳನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಅಂದ: "ಅಪ್ಪಾ."

ಜಿಮ್‌ನಲ್ಲಾಗಲಿ ಕಾರ್ನರ್‌ನಲ್ಲಾಗಲಿ ಆ ಮಾತು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಇಲ್ಲಿ ಸರ್" ಅಂದರು ಅಪ್ಪ. ಗದರಿಸಲಿಲ್ಲ. ಅಭ್ಯಾಸಬಲದಿಂದ ಬಂದ ಮಾತು. ಮೌತ್‌ಗಾರ್ಡ್‌ಗೆ ನನ್ನ ಕಡೆ ಕೈ ಚಾಚಿದರು. ಟವೆಲ್ ನನ್ನ ಹೆಗಲ ಮೇಲೇ ಇತ್ತು, ಒದ್ದೆಯಾಗಿ ಭಾರವಾಗಿತ್ತು. "ಇವನು ಸರಿ ಇಲ್ಲ" ಅಂದೆ. "ನನ್ನ ಮಗ ನನಗೆ ಗೊತ್ತು" ಅಂದರು. ನಾನು ಮೌತ್‌ಗಾರ್ಡ್ ಕೊಟ್ಟೆ.

ಮೂರನೇ ರೌಂಡ್ ಶುರುವಾಗಿ ಐವತ್ತೆರಡು ಸೆಕೆಂಡಿಗೆ ರೆಫರಿ ಪಂದ್ಯ ನಿಲ್ಲಿಸಿದರು. ಹುಡುಗ ಡ್ರೆಸ್ಸಿಂಗ್ ರೂಮಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಆಸ್ಪತ್ರೆ, ಸ್ಕ್ಯಾನ್, ರಾತ್ರಿಯಿಡೀ ನಿಗಾ. ಮಿದುಳಲ್ಲಿ ರಕ್ತಸ್ರಾವ ಆಗಿರಲಿಲ್ಲ, ಪುಣ್ಯ. ತಲೆನೋವು ಮಾತ್ರ ತಿಂಗಳುಗಟ್ಟಲೆ ಬಿಡಲಿಲ್ಲ. ಅವನು ಮತ್ತೆ ಗ್ಲೌಸ್ ಹಾಕಲಿಲ್ಲ. ಆ ರಾತ್ರಿ ಅಪ್ಪ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಮಗನ ಶೂಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಲೇಸ್ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಆ ಮನುಷ್ಯನಿಗೆ ಮಗನ ಮೇಲೆ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ.

ನನ್ನ ತಪ್ಪೂ ಇದೆ. ಮೌತ್‌ಗಾರ್ಡ್ ಕೊಟ್ಟದ್ದು ನನ್ನ ಕೈ. ಬೇರೆ ಕೋಚ್ ಆಗಿದ್ದರೆ ನಾನು ಬಿಡುತ್ತಿರಲಿಲ್ಲ. ಹಿಂದೆ ಇಬ್ಬರ ಜೊತೆ ಕಾರ್ನರ್‌ನಲ್ಲೇ ಜಗಳವಾಡಿದ್ದೇನೆ. ಅಪ್ಪನ ಎದುರು ಬಾಯಿ ಕಟ್ಟಿತು. ಹೆತ್ತವರ ಎದುರು ನಿಂತು, ನಿಮ್ಮ ಮಗನಿಗೆ ಏನಾಗುತ್ತಿದೆ ಅಂತ ನಿಮಗಿಂತ ನನಗೆ ಚೆನ್ನಾಗಿ ಕಾಣುತ್ತಿದೆ ಅಂತ ಹೇಳೋಕೆ ಯಾರಿಗೆ ಧೈರ್ಯ ಬರುತ್ತದೆ? ರೆಫರಿ ಕಾರ್ನರ್ ಕಡೆ ಒಮ್ಮೆ ನೋಡಿದ್ದರು. ಅಪ್ಪ ತಲೆಯಾಡಿಸಿದ್ದರು. ರಿಂಗ್ ಪಕ್ಕದ ವೈದ್ಯರು ಎದ್ದು ನಿಂತವರು ಮತ್ತೆ ಕೂತರು. ಅಪ್ಪನೇ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ. ನಾವೆಲ್ಲರೂ ಅದನ್ನೇ ಅಂದುಕೊಂಡೆವು. ಕೊನೆಗೆ ಸಂಸ್ಥೆಯೂ ಅದನ್ನೇ ಬರೆದು ಕಳಿಸಿತು. ಕಾರ್ನರ್‌ನಲ್ಲಿ ಅಪ್ಪ ಇದ್ದಾರೆ ಅಂದ ಕೂಡಲೇ ಉಳಿದ ಎಲ್ಲರ ಕಣ್ಣೂ ಅರ್ಧ ಮುಚ್ಚಿಕೊಳ್ಳುತ್ತದೆ. ನನ್ನ ದೂರು ಇದೇ.

ಹಾಗಂತ ಅಪ್ಪ ಅಮ್ಮ ಕೋಚ್ ಆಗಲೇಬಾರದು ಅಂತ ನಾನು ಕೇಳುತ್ತಿಲ್ಲ. ಕೇಳಿದರೆ ಬಾಕ್ಸಿಂಗ್ ಇತಿಹಾಸವೇ ಎದ್ದು ಬಂದು ನನ್ನ ಮೂಗಿಗೆ ಗುದ್ದುತ್ತದೆ. ಜಪಾನಿನ ನವೋಯಾ ಇನೊಯೆಗೆ ಚಿಕ್ಕಂದಿನಿಂದ ಕಲಿಸಿದವರು ಅಪ್ಪ ಶಿಂಗೊ. 2022ರ ಡಿಸೆಂಬರ್‌ನಲ್ಲಿ ಬ್ಯಾಂಟಮ್‌ವೇಟ್ ಎಂಬ ತೂಕದ ವಿಭಾಗದ ನಾಲ್ಕೂ ವಿಶ್ವ ಚಾಂಪಿಯನ್ ಬೆಲ್ಟ್, ಒಂದು ವರ್ಷದೊಳಗೆ ಮತ್ತೆ ರಿಂಗಿಗಿಳಿದು 2023ರ ಡಿಸೆಂಬರ್ ಹೊತ್ತಿಗೆ ಸೂಪರ್ ಬ್ಯಾಂಟಮ್‌ವೇಟ್‌ನ ನಾಲ್ಕೂ ಬೆಲ್ಟ್. ಅಪ್ಪನ ಕೈ ಬಿಟ್ಟಿರಲಿಲ್ಲ. ವೇಲ್ಸ್‌ನ ಜೋ ಕಾಲ್ಜಾಗಿಯ ಅಪ್ಪ ಎಂಜೊ ವೃತ್ತಿಪರ ಬಾಕ್ಸರ್ ಆಗಿರಲೇ ಇಲ್ಲ, ಸಂಗೀತಗಾರ. ಅಪ್ಪನನ್ನು ಬಿಟ್ಟು ಯಾರಾದರೂ ನಿಜವಾದ ಟ್ರೇನರ್ ಹುಡುಕಿಕೋ ಅಂತ ಜೋಗೆ ಹೇಳಿದವರಿಗೆ ಕಡಿಮೆ ಇರಲಿಲ್ಲ. ಅವನು 46 ಪಂದ್ಯ ಆಡಿ 46ನ್ನೂ ಗೆದ್ದು 2009ರಲ್ಲಿ ನಿವೃತ್ತನಾದ. ಉಕ್ರೇನಿನ ವಾಸಿಲ್ ಲೊಮಚೆಂಕೊನ ಅಪ್ಪ ಅನಟೋಲಿ ಇನ್ನೂ ವಿಚಿತ್ರ. ಮಗನಿಗೆ ಬಾಕ್ಸಿಂಗ್ ಬಿಡಿಸಿ ಕೆಲವು ವರ್ಷ ಜನಪದ ನೃತ್ಯ ಕಲಿಯೋಕೆ ಹಾಕಿದರು. ಆಮೇಲೆ ಆ ಹೆಜ್ಜೆಗಳ ಮುಂದೆ ಒಳ್ಳೊಳ್ಳೆಯ ಬಾಕ್ಸರ್‌ಗಳು ಗಾಳಿಗೆ ಗುದ್ದಿದರು. 2008 ಮತ್ತು 2012, ಎರಡು ಒಲಿಂಪಿಕ್ ಚಿನ್ನ. ಹೊರಗಿನ ಯಾವ ಕೋಚ್ ಒಬ್ಬ ಹುಡುಗನ ಮೇಲೆ ಅಷ್ಟು ವರ್ಷದ ತಾಳ್ಮೆ ಹೂಡುತ್ತಾನೆ? ಅದು ಅಪ್ಪನಿಗೆ ಮಾತ್ರ ಸಾಧ್ಯ, ಒಪ್ಪುತ್ತೇನೆ.

ಆದರೆ ಇದು ಗೆದ್ದವರ ಪಟ್ಟಿ. ಸೋತ ಅಪ್ಪಂದಿರ ಹೆಸರು ಯಾರು ಬರೆದಿಟ್ಟಿದ್ದಾರೆ? ನನ್ನ ಹುಡುಗನ ಅಪ್ಪನ ಗೋಡೆಯ ಮೇಲೂ ಇಂಥ ಚಾಂಪಿಯನ್ನರ ಫೋಟೊಗಳಿದ್ದವು.

ಬೆಲ್ಟ್ ನೋಡಿ ಅಪ್ಪನನ್ನು ಅಳೆಯೋದು ಎರಡೂ ಕಡೆಗೆ ತಪ್ಪು. 2020ರಲ್ಲಿ ಇದೇ ಲೊಮಚೆಂಕೊನನ್ನು ಸೋಲಿಸಿದ ಟಿಯೊಫಿಮೊ ಲೊಪೆಜ್‌ಗೂ ಟ್ರೇನರ್ ಅಪ್ಪನೇ. ಆಗ ಅಪ್ಪ ಮೇಧಾವಿ. ಮರುವರ್ಷ ಜಾರ್ಜ್ ಕಂಬೋಸೊಸ್ ಎದುರು ಸೋತಾಗ ಅಪ್ಪನನ್ನು ಓಡಿಸು ಅಂತ ಕೂಗು ಎದ್ದಿತು. 2023ರಲ್ಲಿ ಜಾಶ್ ಟೇಲರ್‌ನನ್ನು ಗೆದ್ದಾಗ ಕೂಗಿದವರೆಲ್ಲ ಸುಮ್ನಾದರು. ಅಪ್ಪ ಅದೇ ಅಪ್ಪ. ಬದಲಾದದ್ದು ಜಡ್ಜ್‌ಗಳ ಸ್ಕೋರ್‌ಕಾರ್ಡ್. ಸೋತ ಮಾರನೇ ದಿನ ಅಪ್ಪನನ್ನು ಬಿಡಬೇಕಾ ಅಂತ ಕೇಳುವವರು ಗೆದ್ದ ಮಾರನೇ ದಿನವೂ ಕೇಳಬೇಕು. ಯಾಕೆಂದರೆ ಅಪಾಯ ಇರುವುದು ಸ್ಟೂಲ್ ಮೇಲಿನ ಆ ಒಂದು ನಿಮಿಷದಲ್ಲಿ, ಮಗ ಗೆಲ್ಲುತ್ತಿದ್ದರೂ ಸರಿ.

ಆ ನಿಮಿಷದಲ್ಲಿ ಅಪ್ಪಂದಿರು ಏನು ಮಾಡುತ್ತಾರೆ? ಒಳ್ಳೆಯ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. 2001ರ ಸೆಪ್ಟೆಂಬರ್ 29, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ಫೆಲಿಕ್ಸ್ ಟ್ರಿನಿಡಾಡ್ 12ನೇ ರೌಂಡಿನಲ್ಲಿ ಬರ್ನಾರ್ಡ್ ಹಾಪ್ಕಿನ್ಸ್‌ನ ಬಲಗೈಗೆ ಕೆಳಗೆ ಬಿದ್ದ. ಎದ್ದ. ಮುಗಿಯೋಕೆ ಇನ್ನು ಎರಡು ನಿಮಿಷವೂ ಇರಲಿಲ್ಲ. ಟ್ರೇನರ್ ಆಗಿದ್ದ ಅಪ್ಪ ರಿಂಗಿನೊಳಗೆ ಬಂದೇ ಬಿಟ್ಟರು, ಸಾಕು ಅಂತ. ಮಗನ ಮೊದಲ ಸೋಲನ್ನು ಅಪ್ಪನೇ ಸಹಿ ಮಾಡಿ ತೆಗೆದುಕೊಂಡ ಹಾಗೆ. ನನ್ನ ದೃಷ್ಟಿಯಲ್ಲಿ ಕಾರ್ನರ್‌ನಲ್ಲಿ ಅಪ್ಪ ಮಾಡಿದ ದೊಡ್ಡ ಕೆಲಸ ಅದು.

ಇನ್ನೊಂದು ಉದಾಹರಣೆ ಅದೇ ಕಟ್ಟಡದಲ್ಲಿ, 1983ರ ಜೂನ್ 16ರಂದು. ಬಿಲ್ಲಿ ಕಾಲಿನ್ಸ್ ಜೂನಿಯರ್‌ಗೆ ಇಪ್ಪತ್ತು ದಾಟಿತ್ತು ಅಷ್ಟೆ. ಅವನೂ ಸೋಲು ಕಂಡಿರಲಿಲ್ಲ. ಕಾರ್ನರ್‌ನಲ್ಲಿ ಅಪ್ಪ, ತಾವೇ ಹಿಂದೆ ಬಾಕ್ಸರ್ ಆಗಿದ್ದವರು. ಎದುರಾಳಿ ಲೂಯಿ ರೆಸ್ಟೊ ಅಂಥ ದೊಡ್ಡ ಹೊಡೆತಗಾರನೇನಲ್ಲ. ಆದರೂ ಹತ್ತು ರೌಂಡ್ ಮುಗಿಯುವಷ್ಟರಲ್ಲಿ ಮಗನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಪಂದ್ಯ ಮುಗಿದ ಮೇಲೆ ಅಪ್ಪ ರೆಸ್ಟೊನ ಕೈ ಕುಲುಕೋಕೆ ಹೋದರು. ಗ್ಲೌಸ್ ಮುಟ್ಟಿದರೆ ಒಳಗೆ ಬರೀ ಗೆಣ್ಣು! ಪ್ಯಾಡಿಂಗ್ ತೆಗೆದಿದ್ದರು. ಅಪ್ಪ ಅಲ್ಲೇ ಕೂಗಿ ಗ್ಲೌಸ್ ವಶಪಡಿಸಿಕೊಳ್ಳುವ ಹಾಗೆ ಮಾಡಿದರು. ರೆಸ್ಟೊಗೂ ಅವನ ಟ್ರೇನರ್ ಪನಾಮ ಲೂಯಿಸ್‌ಗೂ ಆಮೇಲೆ ಜೈಲಾಯಿತು. ಕಾಲಿನ್ಸ್‌ನ ಕಣ್ಣಿಗೆ ಆದ ಹಾನಿಯಿಂದ ಬಾಕ್ಸಿಂಗ್ ಮುಗಿಯಿತು. ಒಂಬತ್ತು ತಿಂಗಳಲ್ಲಿ ಕಾರ್ ಅಪಘಾತದಲ್ಲಿ ತೀರಿಕೊಂಡ.

ಮೋಸ ಮಾಡಿದ್ದು ಎದುರಿನವರು, ಅಪ್ಪನ ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನನ್ನು ಕಾಡುವುದು ಬೇರೆ. ಹೊಡೆತ ಮಾಮೂಲಿನದ್ದಲ್ಲ ಅಂತ ಆ ಮುಖ ರೌಂಡಿನಿಂದ ರೌಂಡಿಗೆ ಹೇಳುತ್ತಿತ್ತು. ಅಪ್ಪನಿಗೆ ಗೊತ್ತಾದದ್ದು ಎದುರಾಳಿಯ ಕೈ ಮುಟ್ಟಿದಾಗ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ರಿಂಗಿನಲ್ಲಿ ಆ ಹೆಗ್ಗಣ ಹುಲಿಯಾಗಿ ಕಾಣುತ್ತದೆ. ಇನ್ನೊಂದು ರೌಂಡ್ ತಡೆದುಕೊಳ್ಳುತ್ತಾನೆ, ನನ್ನ ಮಗ ಗಟ್ಟಿಗ.

ಅದೇ ಕಣ್ಣು ಬೇರೆಯವರ ಮಗನ ಮೇಲೆ ಬಿದ್ದರೆ ಎಷ್ಟು ಚುರುಕಾಗುತ್ತದೆ ನೋಡಿ. 2016ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಜೂನಿಯರ್ ಮತ್ತು ನಿಕ್ ಬ್ಲ್ಯಾಕ್‌ವೆಲ್ ನಡುವೆ ಪಂದ್ಯ. ಯೂಬ್ಯಾಂಕ್ ಸೀನಿಯರ್ ರೌಂಡ್‌ಗಳ ನಡುವೆ ಹಗ್ಗದ ಒಳಗೆ ಬಂದು, ತಲೆಗೆ ಹೊಡೆಯಬೇಡ, ಹೊಟ್ಟೆಗೆ ಹೊಡೆ, ರೆಫರಿ ಇದನ್ನು ಯಾಕೆ ನಿಲ್ಲಿಸುತ್ತಿಲ್ಲ ಅನ್ನುವ ಅರ್ಥದಲ್ಲಿ ಮಗನಿಗೆ ಹೇಳಿದರು. 10ನೇ ರೌಂಡಿನಲ್ಲಿ ಪಂದ್ಯ ನಿಂತಿತು. ಬ್ಲ್ಯಾಕ್‌ವೆಲ್‌ಗೆ ಮಿದುಳಲ್ಲಿ ರಕ್ತಸ್ರಾವವಾಗಿ ಕೋಮಾದಲ್ಲಿ ಇಡಬೇಕಾಯಿತು. ಬದುಕಿದ. ಇಡೀ ಸಭಾಂಗಣದಲ್ಲಿ ಅಪಾಯವನ್ನು ಬಾಯಿಬಿಟ್ಟು ಹೇಳಿದವರು ಎದುರು ಕಾರ್ನರ್‌ನ ಅಪ್ಪ. ಆ ರಾತ್ರಿ ನನ್ನ ಹುಡುಗನ ಕಣ್ಣಲ್ಲಿ ನನಗೆ ಕಂಡದ್ದೂ ಅವನು ನನ್ನ ಮಗ ಅಲ್ಲ ಅನ್ನುವ ಕಾರಣಕ್ಕೇ ಇರಬೇಕು.

1975ರ ಮನಿಲಾ ಪಂದ್ಯದಲ್ಲಿ 14ನೇ ರೌಂಡ್ ಮುಗಿದಾಗ ಜೋ ಫ್ರೇಜಿಯರ್ ಇನ್ನೊಂದು ರೌಂಡ್ ಬೇಕು ಅಂತ ಎದ್ದ. ಟ್ರೇನರ್ ಎಡ್ಡಿ ಫಚ್ ಅವನನ್ನು ಮಗಾ ಅಂತ ಕರೆದು ಕೂರಿಸಿ ಪಂದ್ಯ ನಿಲ್ಲಿಸಿಬಿಟ್ಟರು. ಎದುರಿಗಿದ್ದವನು ಮುಹಮ್ಮದ್ ಅಲಿ, ಉಳಿದಿದ್ದದ್ದು ಮೂರೇ ನಿಮಿಷ. ಫಚ್ ಫ್ರೇಜಿಯರ್‌ನ ಅಪ್ಪ ಅಲ್ಲ.

ಇನ್ನು ಎರಡನೇ ವಿಷಯ. ಕೋಚ್ ಸರಿ ಬರದಿದ್ದರೆ ಬಾಕ್ಸರ್ ಬೇರೆ ಜಿಮ್‌ಗೆ ಹೋಗುತ್ತಾನೆ. ಕೈ ಕುಲುಕಿ, ಕೆಲವೊಮ್ಮೆ ಬೈದುಕೊಂಡು. ಅಪ್ಪನನ್ನು ಹೇಗೆ ಬಿಡುವುದು? ರಾಯ್ ಜೋನ್ಸ್ ಜೂನಿಯರ್ ಅಪ್ಪನ ಕಠಿಣ ಶಿಸ್ತನ್ನು ವರ್ಷಗಟ್ಟಲೆ ತಡೆದುಕೊಂಡ. 1992ರಲ್ಲಿ ಅಪ್ಪ ಅವನ ನಾಯಿಯನ್ನು ಗುಂಡಿಟ್ಟು ಕೊಂದಾಗ ಹೊರಗೆ ಬಂದ. ಅಂದರೆ ಅವನು ಬೇರೆಯಾಗೋಕೆ ಒಂದು ಬಂದೂಕಿನ ಸದ್ದು ಬೇಕಾಯಿತು. ಫ್ಲಾಯ್ಡ್ ಮೇವೆದರ್ 2000ದಲ್ಲಿ ಅಪ್ಪನನ್ನು ಬಿಟ್ಟು ಚಿಕ್ಕಪ್ಪ ರೋಜರ್ ಬಳಿ ಹೋದ. ಅಪ್ಪ ಮತ್ತೆ ಅವನ ಮುಖ್ಯ ಟ್ರೇನರ್ ಆಗಿ ಬಂದದ್ದು 2013ರಲ್ಲಿ. ನಡುವಿನ ಜಗಳವನ್ನು ಇಡೀ ಜಗತ್ತು ಟಿವಿಯಲ್ಲಿ ನೋಡಿತು. ಐರ್ಲೆಂಡಿನ ಕೇಟಿ ಟೇಲರ್‌ಗೆ ಅಪ್ಪ ಪೀಟ್ ಕಲಿಸಿದ್ದರಿಂದಲೇ 2012ರ ಒಲಿಂಪಿಕ್ ಚಿನ್ನ ಬಂತು. ಮನೆಯಲ್ಲಿ ಬಿರುಕು ಬಿಟ್ಟಿತು. ರಿಯೋ ಒಲಿಂಪಿಕ್ಸ್‌ಗೆ ಅಪ್ಪ ಇಲ್ಲದೆ ಹೋದಳು, ಮೊದಲ ಪಂದ್ಯದಲ್ಲೇ ಸೋತಳು. ಯೋಚಿಸಿ, ಒಂದೇ ಪೆಟ್ಟಿಗೆ ಅಪ್ಪನೂ ಹೋದರು, ಕೋಚ್ ಕೂಡ ಹೋದರು. ಆಮೇಲೆ ರಾಸ್ ಎನಮೇಟ್ ಎಂಬ ಹೊಸ ಟ್ರೇನರ್ ಜೊತೆ ಕೆಲಸ ಮಾಡಿ 2019ರಲ್ಲಿ ಲೈಟ್‌ವೇಟ್‌ನ ನಾಲ್ಕೂ ಬೆಲ್ಟ್ ಗೆದ್ದಳು. ಗಟ್ಟಿಗಿತ್ತಿ. ಎಲ್ಲರಿಂದಲೂ ಅದು ಆಗುವಂಥದ್ದಲ್ಲ.

ಇಲ್ಲಿ ನನ್ನ ಮನೆಯ ಮಾತೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಊರಿಗೆ ಉಪದೇಶ ಆದೀತು. ನನ್ನ ಮಗಳಿಗೆ ನಾನು ಎರಡು ವರ್ಷ ಪ್ಯಾಡ್ (ಗುದ್ದುವ ಅಭ್ಯಾಸಕ್ಕೆ ಕೋಚ್ ಕೈಗೆ ಹಾಕಿಕೊಳ್ಳುವ ಮೆತ್ತೆ) ಹಿಡಿದೆ. ಹದಿನೈದು ತುಂಬಿದ ಮೇಲೆ ಒಂದು ದಿನ ಬೇರೆಯವರ ಹತ್ತಿರ ಕಲೀತೀನಿ ಅಂದಳು. ಸರಿ ಅಂದೆ. ಬಾಯಲ್ಲಿ ಸರಿ ಅಂದವನು ನಾಲ್ಕು ದಿನ ಅವಳ ಜೊತೆ ಮಾತಾಡಲಿಲ್ಲ. ಐದನೇ ದಿನ ಅವಳೇ ಬಂದು ಹೇಳಿದಳು: "ನೀನು ಪ್ಯಾಡ್ ಹಿಡಿದರೆ ನನಗೆ ನಿನ್ನ ಮುಖ ಕಾಣುತ್ತೆ, ಪ್ಯಾಡ್ ಕಾಣಲ್ಲ." ಪ್ರತಿ ಗುದ್ದಿಗೂ ಅಪ್ಪ ಖುಷಿಯಾದನಾ ಅಂತ ನೋಡುತ್ತಿದ್ದಳಂತೆ. ಅದಕ್ಕೇ ಅವಳ ಗಾರ್ಡ್, ಅಂದರೆ ಮುಖ ಕಾಯಲು ಎತ್ತಿ ಹಿಡಿಯಬೇಕಾದ ಕೈ, ಯಾವಾಗಲೂ ಇಳಿಯುತ್ತಿತ್ತು. ನಾನು ಎರಡು ವರ್ಷ ಗಾರ್ಡ್ ಎತ್ತು, ಗಾರ್ಡ್ ಎತ್ತು ಅಂತ ಕಿರುಚಿದ್ದೇ ಬಂತು.

ಬೇರೆ ಕೋಚ್ ಹತ್ತಿರ ಕಲಿಯುವ ಮಗು ಜಿಮ್ ಮುಗಿಸಿ ಮನೆಗೆ ಹೋಗುತ್ತದೆ. ಅಪ್ಪನ ಹತ್ತಿರ ಕಲಿಯುವ ಮಗು ಎಲ್ಲಿಗೆ ಹೋಗಬೇಕು? ಊಟಕ್ಕೆ ಕೂತರೂ ತಟ್ಟೆಯ ಮೇಲೆ ತೂಕದ ಲೆಕ್ಕ. ಮಲಗುವ ಮೊದಲು ಇವತ್ತಿನ ಸ್ಪಾರಿಂಗ್, ಅಂದರೆ ಅಭ್ಯಾಸದ ಗುದ್ದಾಟದ, ವಿಡಿಯೊ. ಪಂದ್ಯ ವರ್ಷಕ್ಕೆ ಕೆಲವೇ ಸಲ. ಸ್ಪಾರಿಂಗ್ ವಾರಕ್ಕೆ ಹಲವು ಸಲ. ತಲೆಗೆ ಬೀಳುವ ಏಟಿನಲ್ಲಿ ಜಾಸ್ತಿ ಪಾಲು ಬೀಳುವುದು ರೆಫರಿ, ವೈದ್ಯ ಯಾರೂ ಇಲ್ಲದ ಆ ಜಿಮ್‌ನಲ್ಲಿ. ಅಲ್ಲಿ ತಲೆನೋವು ಅಂತ ಕೋಚ್‌ಗೆ ಹೇಳಲು ಹೆದರುವ ಹುಡುಗ ಮನೆಗೆ ಹೋಗಿ ಅಪ್ಪನಿಗೆ ಹೇಳುತ್ತಾನೆ. ಅಪ್ಪನೇ ಕೋಚ್ ಆದರೆ? ಪೋರ್ಟೊರಿಕೊದ ವಿಲ್ಫ್ರೆಡ್ ಬೆನಿಟೆಜ್ ಅಪ್ಪನ ತರಬೇತಿಯಲ್ಲಿ 1976ರಲ್ಲಿ, 17ನೇ ವಯಸ್ಸಿಗೆ, ವಿಶ್ವ ಚಾಂಪಿಯನ್ ಆದ. ಅಷ್ಟು ಚಿಕ್ಕ ವಯಸ್ಸಿಗೆ ಬೇರೆ ಯಾರೂ ಆಗಿಲ್ಲ. ಮುಂದೆ ಮಿದುಳಿನ ಕಾಯಿಲೆಯಿಂದ ಮಾತು, ನೆನಪು, ನಡಿಗೆ ಒಂದೊಂದೇ ಕಳೆದುಕೊಂಡ. ಅವನನ್ನು ನೋಡಿಕೊಂಡವರು ತಾಯಿ, ಅವರ ನಂತರ ಸೋದರಿ. ದಾಖಲೆ ಬರೆಯುವವರು ಹದಿನೇಳು ಅನ್ನುವ ಸಂಖ್ಯೆಯ ಹತ್ತಿರವೇ ನಿಲ್ಲುತ್ತಾರೆ.

ನೀವು ಸಂಸ್ಥೆಯವರು ಅಪ್ಪಂದಿರ ಮೇಲೆ ಕ್ರಮ ತೆಗೆದುಕೊಳ್ಳುವುದೇ ಇಲ್ಲ ಅಂತಲ್ಲ. 2006ರಲ್ಲಿ ಮೇವೆದರ್–ಜ್ಯಾಬ್ ಜೂಡಾ ಪಂದ್ಯದ ನಡುವೆ ಒಬ್ಬನ ಚಿಕ್ಕಪ್ಪ, ಇನ್ನೊಬ್ಬನ ಅಪ್ಪ ರಿಂಗಿಗೆ ನುಗ್ಗಿ ಗಲಾಟೆಯಾದಾಗ ಇಬ್ಬರಿಗೂ ದಂಡ ಬಿತ್ತು, ಲೈಸೆನ್ಸ್ ಹೋಯಿತು. 2007ರಲ್ಲಿ ಜಪಾನಿನ ಡೈಕಿ ಕಮೆಡ ಪಂದ್ಯದಲ್ಲಿ ಕುಸ್ತಿಯ ಹಾಗೆ ಎದುರಾಳಿಯನ್ನು ಎತ್ತಿ ಹಾಕಿದಾಗ ಅವನನ್ನು ಒಂದು ವರ್ಷ ಅಮಾನತು ಮಾಡಿ, ಕಾರ್ನರ್‌ನಲ್ಲಿದ್ದ ಅಪ್ಪನ ಲೈಸೆನ್ಸನ್ನೂ ಅನಿರ್ದಿಷ್ಟ ಕಾಲ ತಡೆಹಿಡಿದರು. ಸರಿಯಾಗಿಯೇ ಮಾಡಿದರು. ಆದರೆ ಇದೆಲ್ಲ ರೌಡಿತನಕ್ಕೆ ಕೊಟ್ಟ ಶಿಕ್ಷೆ. ಜೋರು ಮಾಡದ, ಬೈಯದ, ಸಂಭಾವಿತ ಅಪ್ಪನೊಬ್ಬ ಪ್ರೀತಿಯಿಂದಲೇ ಮಗನನ್ನು ಮೂರನೇ ರೌಂಡಿಗೆ ಕಳಿಸಿದರೆ ನಿಮ್ಮ ಪುಸ್ತಕದಲ್ಲಿ ಅದಕ್ಕೊಂದು ಸಾಲಿಲ್ಲ.

ಆ ಸಾಲು ಬರೆಯಿರಿ ಅಂತ ಕೇಳುತ್ತಿದ್ದೇನೆ. ಅಪ್ಪ ಅಥವಾ ಅಮ್ಮ ಮುಖ್ಯ ಕೋಚ್ ಆಗಿದ್ದರೆ, ಕಾರ್ನರ್‌ನಲ್ಲಿ ಸಂಬಂಧಿಕರಲ್ಲದ ಒಬ್ಬ ಲೈಸೆನ್ಸ್ ಇರುವ ಸಹಾಯಕ ಇರಲೇಬೇಕು. ಪಂದ್ಯ ನಿಲ್ಲಿಸಿ ಅಂತ ಹೇಳುವ ಹಕ್ಕು ಅವನಿಗೂ ಪೂರ್ತಿಯಾಗಿ ಇರಬೇಕು, ಅಪ್ಪನ ಒಪ್ಪಿಗೆ ಬೇಕಾಗಬಾರದು. ಆ ವ್ಯಕ್ತಿ ಯಾರು ಅಂತ ಪಂದ್ಯಕ್ಕೆ ಮೊದಲೇ ರೆಫರಿಗೆ ತೋರಿಸಬೇಕು. ಟವೆಲ್ ಎಸೆದರೂ ರೆಫರಿ ಒಪ್ಪಬೇಕಾಗಿಲ್ಲ ಅನ್ನುವ ಕಡೆ ಇದು ಇನ್ನೂ ಜಾಸ್ತಿ ಮುಖ್ಯ. ಅವತ್ತು ನನ್ನ ಹೆಗಲ ಮೇಲೆ ಟವೆಲ್ ಇತ್ತು, ಹಕ್ಕು ಇರಲಿಲ್ಲ. ಇದ್ದಿದ್ದರೆ ಖಂಡಿತ ಎಸೆಯುತ್ತಿದ್ದೆ ಅಂತ ಆಣೆ ಮಾಡಲಾರೆ. ಆದರೆ 'ನನ್ನ ಮಗ ನನಗೆ ಗೊತ್ತು' ಅನ್ನುವ ಮಾತಿಗೆ ಕೊಡೋಕೆ ಒಂದು ಉತ್ತರವಾದರೂ ಇರುತ್ತಿತ್ತು.

ಪಂದ್ಯದ ಮೊದಲಿನ ವೈದ್ಯಕೀಯ ತಪಾಸಣೆಯಲ್ಲಿ ಬಾಕ್ಸರ್ ಒಬ್ಬನೇ ವೈದ್ಯರ ಜೊತೆ ಐದು ನಿಮಿಷ ಇರಲಿ. ಅಪ್ಪ ಬಾಗಿಲ ಆಚೆ ನಿಲ್ಲಲಿ. ತಲೆನೋವು ಇದೆಯಾ ಅಂತ ವೈದ್ಯರು ಕೇಳಿದಾಗ ಹುಡುಗನಿಗಿಂತ ಮೊದಲು ಅಪ್ಪನೇ ಇಲ್ಲ ಅಂದದ್ದನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ತಲೆಗೆ ಏಟು ಬಿದ್ದು ಸೋತವರಿಗೆ ವಿಧಿಸುವ ವಿಶ್ರಾಂತಿಯ ಅವಧಿಯಲ್ಲಿ ಸ್ಪಾರಿಂಗ್ ಕೂಡ ಬಂದ್ ಅಂತ ಬರೆಯಿರಿ. ಮನೆಯೇ ಜಿಮ್ ಆಗಿರುವ ಕಡೆ ಅದನ್ನು ನೋಡಿಕೊಳ್ಳೋಕೆ ಹೊರಗಿನ ಒಬ್ಬರನ್ನು ಹೊಣೆ ಮಾಡಿ.

ಇನ್ನು ಬಿಟ್ಟು ಹೋಗುವ ದಾರಿ. ಜಿಮ್ ಬದಲಿಸುವ ಅರ್ಜಿಗೆ ಹಳೆಯ ಕೋಚ್ ಸಹಿಯೂ ಬೇಕು, ಪೋಷಕರ ಸಹಿಯೂ ಬೇಕು ಅಂತ ನಿಯಮ ಇದ್ದರೆ, ಇಲ್ಲಿ ಎರಡೂ ಸಹಿ ಒಬ್ಬರದೇ. ಆ ಮಗು ಯಾರ ಹತ್ತಿರ ಹೋಗಬೇಕು? ವಯಸ್ಸು ಹದಿನೆಂಟು ಆಗದವರಿಗೆ ಅಪ್ಪನನ್ನು ದಾಟಿ ಮಾತಾಡಲು ಒಬ್ಬ ವ್ಯಕ್ತಿಯ ಹೆಸರು ಕೊಡಿ, ಆ ಮಾತು ಮನೆಗೆ ತಲುಪದ ಹಾಗೆ ನೋಡಿಕೊಳ್ಳಿ. ವೃತ್ತಿಪರರ ವಿಷಯದಲ್ಲಿ ಹಣವೂ ಸೇರುತ್ತದೆ. ಪಂದ್ಯ ಏರ್ಪಡಿಸುವ ಪ್ರಮೋಟರ್ ಮತ್ತು ಬಾಕ್ಸರ್ ಪರವಾಗಿ ವ್ಯವಹಾರ ನೋಡುವ ಮ್ಯಾನೇಜರ್ ಒಂದೇ ಜೇಬಿನಿಂದ ನಡೆಯಬಾರದು ಅಂತ ಅಮೆರಿಕದಲ್ಲಿ 2000ದಲ್ಲಿ ಮುಹಮ್ಮದ್ ಅಲಿ ಹೆಸರಿನಲ್ಲೇ ಕಾನೂನು ಬಂತು. ಅಪ್ಪನೇ ಟ್ರೇನರ್, ಅಪ್ಪನೇ ಮ್ಯಾನೇಜರ್ ಆದರೆ ಯಾರೂ ಹುಬ್ಬೇರಿಸುವುದಿಲ್ಲ. ಮುಂದಿನ ಪಂದ್ಯ ಒಪ್ಪಿದರೆ ದುಡ್ಡು ಬರುವ ಮನುಷ್ಯನೇ ಈ ಪಂದ್ಯ ನಿಲ್ಲಿಸಬೇಕಾ ಅಂತ ತೀರ್ಮಾನಿಸುತ್ತಾನೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಹೇಳಿ.

ಪಕ್ಕದಲ್ಲೇ ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ನಿಮ್ಮ ಕೈಯಿಂದ ಪ್ಯಾಡ್ ಕಿತ್ತುಕೊಳ್ಳಿ ಅಂತ ನಾನು ಎಲ್ಲೂ ಬರೆದಿಲ್ಲ. ಬೆಳಗಿನ ಓಟಕ್ಕೆ ಎಬ್ಬಿಸುವುದು ನೀವು, ಕೈಗೆ ಬ್ಯಾಂಡೇಜ್ ಸುತ್ತುವುದು ನೀವು. ಟವೆಲ್ ಮಾತ್ರ ಇನ್ನೊಬ್ಬರ ಹೆಗಲಿಗೆ ಹಾಕಿ. ಅವರು ಎಸೆದ ದಿನ ಸಿಟ್ಟು ಬರುತ್ತದೆ. ಬರಲಿ, ಬೈಯಿರಿ. ನನ್ನಂಥವರಿಗೆ ಬೈಗುಳ ಹೊಸದೇನಲ್ಲ.

ಈ ಪತ್ರ ಕಳಿಸುವ ಮೊದಲು ಆ ಹುಡುಗನಿಗೂ ಅವನ ಅಪ್ಪನಿಗೂ ಓದಿ ಹೇಳಿದೆ. ಹುಡುಗನಿಗೆ ಈಗ ಹದಿನೆಂಟು. ಹೆಸರು ಹಾಕಬೇಡಿ ಅಂದ, ಹಾಕಿಲ್ಲ. ಅಪ್ಪ ಕೊನೆಯವರೆಗೂ ತಲೆ ತಗ್ಗಿಸಿ ಕೇಳಿಸಿಕೊಂಡರು. ಮೂರನೇ ರೌಂಡಿನಲ್ಲಿ ನಲವತ್ತು ಸೆಕೆಂಡಿಗೆ ಪಂದ್ಯ ನಿಂತಿತು ಅಂತ ನಾನು ಮೊದಲು ಬರೆದಿದ್ದೆ. ಅವರು ಹೇಳಿದ್ದು ಒಂದೇ ತಿದ್ದುಪಡಿ: "ನಲವತ್ತಲ್ಲ, ಐವತ್ತೆರಡು." ತಿದ್ದಿದ್ದೇನೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಒಬ್ಬ ಕಾರ್ನರ್ ಸಹಾಯಕ